ಬಲಗಡೆಯ ಎರಡು ದೋಣಿಗಳು

ಜನವರಿ 8

ಬಂದರು ವಸ್ತುಸಂಗ್ರಹಾಲಯದ ಹಡಗು ಮಾದರಿಗಳ ವಿಭಾಗದವರಿಗೆ,

ನಮಸ್ಕಾರ. ನನಗೆ ಪತ್ರ ಬರೆದು ಅಭ್ಯಾಸವಿಲ್ಲ. ದಿನಚರಿ ಬರೆಯುತ್ತೇನೆ, ಅದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಇದಕ್ಕೆ ಕೊಡಬೇಕಲ್ಲ, ಅದಕ್ಕೇ ಸ್ವಲ್ಪ ಅಳುಕು.

ನಮ್ಮ ಮನೆಯವರು ಬಡಗಿ. ಬಾಗಿಲು, ಕಿಟಕಿ, ಹೆಚ್ಚಾಗಿ ಜೋಡಿ ಬಾಗಿಲು ಮಾಡುತ್ತಿದ್ದರು. ಬಿಡುವಿನಲ್ಲಿ ಒಂದು ಮಾದರಿ ಹಡಗು ಕಟ್ಟುತ್ತಿದ್ದರು. ಹಳೆಯ ಕಾಲದ್ದು, ತಿಮಿಂಗಿಲ ಬೇಟೆಗೆ ಹೋಗುತ್ತಿದ್ದ ಹಡಗು. ಅದಕ್ಕಾಗಿಯೇ ಒಮ್ಮೆ ನಿಮ್ಮಲ್ಲಿಗೆ ಬಂದು, ಇಡೀ ದಿನ ಗಾಜಿನ ಮುಂದೆ ನಿಂತು ನೋಡಿಕೊಂಡು ಹೋಗಿದ್ದರು. ಹೋದ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಹಡಗು ಊಟದ ಮೇಜಿನ ಮೇಲೆಯೇ ಇದೆ. ಅತ್ತೆಯೂ ನಾನೂ ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು, ನಿಂತೇ ಉಣ್ಣುತ್ತೇವೆ.

ಜೂನ್‌ನಲ್ಲಿ ನೀವು ನಡೆಸುವ ಪ್ರದರ್ಶನದ ಪ್ರಕಟಣೆ ಪತ್ರಿಕೆಯಲ್ಲಿ ನೋಡಿದೆ. ಮನೆಯಲ್ಲಿ ಮಾಡಿದ ಹಡಗುಗಳನ್ನೂ ತೆಗೆದುಕೊಳ್ಳುತ್ತೀರಂತೆ, ಆದರೆ ಅವು ಪೂರ್ಣವಾಗಿರಬೇಕು, ಚರಿತ್ರೆಗೆ ಸರಿಯಾಗಿರಬೇಕು ಎಂದಿದೆ. ಇವರ ಹಡಗು ಅಲ್ಲಿರಬೇಕೆಂದು ನನ್ನ ಆಸೆ.

ಆದರೆ ಅದು ಪೂರ್ಣವಾಗಿಲ್ಲ. ಹಾಯಿ ಇಲ್ಲ. ಬಟ್ಟೆಯ ಕೆಲಸ ನಿನ್ನದು ಎಂದು ಅವರೇ ಅಂದಿದ್ದರು, ಅದನ್ನು ಮಾಡುತ್ತೇನೆ. ನನ್ನನ್ನು ಕಾಡುತ್ತಿರುವುದು ಇನ್ನೊಂದು. ಹಡಗಿನ ಎಡಗಡೆ ಮೂರು ಪುಟ್ಟ ದೋಣಿಗಳು ತೂಗುತ್ತಿವೆ. ಬಲಗಡೆ, ಹಿಂಭಾಗದಲ್ಲಿ, ಒಂದೇ ಒಂದು. ಉಳಿದ ಜಾಗ ಬೋಳು. ಜೋಡಿ ಬಾಗಿಲಿನ ಒಂದು ಹಲಗೆ ಕೂದಲೆಳೆಯಷ್ಟು ಹೆಚ್ಚಾದರೂ ಬಿಚ್ಚಿ ಮತ್ತೆ ಮಾಡುತ್ತಿದ್ದ ಮನುಷ್ಯ ಹೀಗೆ ಬಿಡುತ್ತಾರೆಯೇ? ಆಸ್ಪತ್ರೆಗೆ ಹೋಗುವ ಮೊದಲು ಉಳಿಗಳಿಗೆಲ್ಲ ಎಣ್ಣೆ ಸವರಿ, ಬಟ್ಟೆ ಸುತ್ತಿ, ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಇನ್ನು ಕೈಲಾಗದು ಎಂದು ಅರ್ಧಕ್ಕೇ ಬಿಟ್ಟರಲ್ಲ ಅನ್ನುವುದನ್ನು ನೆನೆದರೆ ನನಗೆ ಊಟ ಸೇರುವುದಿಲ್ಲ.

ಆ ಎರಡು ದೋಣಿಗಳನ್ನು ನಾನೇ ಮಾಡಬೇಕೆಂದಿದ್ದೇನೆ. ಆಕಾರ, ಬಣ್ಣ ಹೇಗಿರಬೇಕು, ಹಾಯಿಯ ಹೊಲಿಗೆ ಹೇಗಿರಬೇಕು, ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ,
ಬಡಗಿಯ ಹೆಂಡತಿ

*

ಜನವರಿ 25

ಮಾನ್ಯರೇ,

ನಿಮ್ಮ ಪತ್ರ ತಲುಪಿದೆ. ನಾನು ಇಲ್ಲಿ ಮಾದರಿಗಳನ್ನು ದುರಸ್ತಿ ಮಾಡುವವನು. ನಿಮ್ಮವರು ಬಂದದ್ದು ನೆನಪಿದೆ ಎಂದು ಬರೆಯಲು ಮನಸ್ಸಾಯಿತು, ಆದರೆ ಅದು ಸುಳ್ಳಾಗುತ್ತದೆ. ಗಾಜಿನ ಮೇಲಿನ ಮೂಗಿನ ಗುರುತುಗಳನ್ನು ಒರೆಸುವುದೂ ನನ್ನದೇ ಕೆಲಸ. ಅವರದನ್ನೂ ಒರೆಸಿರಬೇಕು.

ದೋಣಿಗಳ ಆಕಾರ: ಎರಡು ತುದಿಯೂ ಚೂಪಾಗಿರಬೇಕು. ತಿಮಿಂಗಿಲ ತಿರುಗಿಬಿದ್ದರೆ ದೋಣಿ ತಿರುಗಿಸಲು ಪುರಸೊತ್ತಿರುತ್ತಿರಲಿಲ್ಲ, ಇದ್ದ ಹಾಗೇ ಹಿಂದಕ್ಕೆ ಹುಟ್ಟುಹಾಕಿ ಪಾರಾಗಬೇಕಿತ್ತು. ಹಾಯಿಗಳು: ಆಗ ಅಗಲವಾದ ಬಟ್ಟೆ ಇರಲಿಲ್ಲ, ಕಿರಿದಾದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಹೊಲಿಯುತ್ತಿದ್ದರು. ಆ ಹೊಲಿಗೆಯ ಸಾಲುಗಳು ಕಾಣಬೇಕು.

ಇಲ್ಲಿ ಒಂದು ಸಾಲು ಹೊಡೆದುಹಾಕಿದ್ದೇನೆ, ಕ್ಷಮಿಸಿ. ಶಾಯಿ ಚೆಲ್ಲಿತು.

ಮಾದರಿ ದುರಸ್ತಿಗಾರ

*

ಫೆಬ್ರವರಿ 2

ದುರಸ್ತಿಗಾರರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಮೂಗಿನ ವಿಷಯ ಬಂದಾಗ ನಕ್ಕರು. "ನನ್ನ ಮಗನ ಮೂಗು ಅಂದ್ರೆ ಸಾಮಾನ್ಯವಾ? ಅದನ್ನ ಒರೆಸೋಕೆ ಇಡೀ ಬಟ್ಟೆ ಬೇಕು!" ಎಂದರು. ಅಕ್ಟೋಬರ್ ಆದ ಮೇಲೆ ಅವರು ನಕ್ಕದ್ದು ಇದೇ ಮೊದಲು. ಅದನ್ನು ತಿಳಿಸಲೆಂದೇ ಈ ಪತ್ರಕ್ಕೆ ಕೂತೆ.

ಹಾಯಿ ಹೊಲಿಯಲು ಶುರುಮಾಡಿದ್ದೇನೆ. ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು ಮತ್ತೆ ಸೇರಿಸುವುದು ಹುಚ್ಚು ಕೆಲಸ ಅನ್ನಿಸಿತ್ತು, ಈಗ ಕೈ ಕುದುರಿದೆ. ನಾನು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕಲೆ ತೆಗೆಯುವ ಕೆಲಸ ಮಾಡುತ್ತೇನೆ. ಆದ್ದರಿಂದ ಬಿಳುಪಿನ ಬಗ್ಗೆ ನೀವು ಚಿಂತಿಸಬೇಡಿ. ನನ್ನ ಹಾಯಿಯನ್ನು ನೋಡಿದರೆ ಕಣ್ಣು ಕುಕ್ಕಬೇಕು, ಹಾಗೆ ಮಾಡಿದ್ದೇನೆ. ಇಸ್ತ್ರಿಯನ್ನೂ ಹಾಕಿದ್ದೇನೆ.

ದೋಣಿ ಮಾತ್ರ ಕಷ್ಟ. ಮೊದಲನೆಯದು ಸೋಪಿನ ಡಬ್ಬಿಯ ಹಾಗಾಯಿತು, ಎರಡನೆಯದು ಚಪ್ಪಲಿಯ ಹಾಗೆ. ಅವರ ಉಳಿಯನ್ನು ಮುಟ್ಟಲು ಧೈರ್ಯವಾಗಲಿಲ್ಲ, ತರಕಾರಿ ಚಾಕುವಿನಲ್ಲೇ ಕೆತ್ತುತ್ತಿದ್ದೇನೆ.

ಅತ್ತೆಯದು ದಿನಕ್ಕೊಂದು ತಕರಾರು. ನಿನ್ನೆ ಹಡಗಿನ ಸುತ್ತ ಒಂದು ಸುತ್ತು ಬಂದು, "ತಿಮಿಂಗಿಲ ಎಲ್ಲೇ?" ಎಂದರು. ತಿಮಿಂಗಿಲ ಹಡಗಿನಲ್ಲಿ ಇರಲ್ಲ ಅತ್ತೆ, ಸಮುದ್ರದಲ್ಲಿ ಇರುತ್ತೆ ಎಂದೆ. "ಹಾಗಾದ್ರೆ ಸಮುದ್ರ ಎಲ್ಲಿ?" ಎಂದರು.

ಎರಡು ಸಂಶಯ. ಮುಂದಿನ ಕಂಬದ ಹಿಂದೆ ಕೆಂಪು ಇಟ್ಟಿಗೆಯ ಒಲೆಯಂತಹದು ಇದೆ. ಅಡುಗೆಗೆ ಅಷ್ಟು ದೊಡ್ಡ ಒಲೆ ಬೇಕೇ? ಹಿಂದುಗಡೆ, ನೆಲದಿಂದ ಎತ್ತರದಲ್ಲಿ, ಬಟ್ಟೆ ಒಣಗಿಸುವ ಚೌಕಟ್ಟಿನ ಹಾಗೆ ಏನೋ ಇದೆ, ಖಾಲಿ. ಸದ್ಯಕ್ಕೆ ನಾನು ಅದರ ಮೇಲೆ ದಾರದ ಉಂಡೆ ಇಡುತ್ತೇನೆ.

*

ಫೆಬ್ರವರಿ 19

ಅಕ್ಕಾ,

ಹೀಗೆ ಕರೆಯಬಹುದು ತಾನೇ? ನಿಮ್ಮ ಪತ್ರ ಓದಿದ ಮೇಲೆ ಮಾನ್ಯರೇ ಎಂದು ಬರೆಯಲು ಕೈ ಬರುತ್ತಿಲ್ಲ. ಇಲ್ಲಿ ನನ್ನನ್ನು ಎಲ್ಲರೂ ಗೋಂದಣ್ಣ ಅನ್ನುತ್ತಾರೆ. ಬೆರಳಿನಲ್ಲಿ ಸದಾ ಗೋಂದು ಇರುತ್ತದೆ, ಕೈಕುಲುಕಿದವರು ಬೇಗ ಬಿಡಿಸಿಕೊಳ್ಳಲಾರರು.

ಆ ಒಲೆ ಅಡುಗೆಗಲ್ಲ. ತಿಮಿಂಗಿಲದ ಕೊಬ್ಬನ್ನು ಹಡಗಿನ ಮೇಲೆಯೇ ಕಾಯಿಸಿ ಎಣ್ಣೆ ಮಾಡುತ್ತಿದ್ದರು. ಅವರ ಕೆಲಸ ಕ್ರೂರದ್ದು, ಹಡಗು ಮಾತ್ರ ಚೆಂದ. ಆ ಒಲೆಯ ಹೊಗೆ ಹಾಯಿಗೆಲ್ಲ ಬಡಿಯುತ್ತಿತ್ತು. ಆದ್ದರಿಂದ, ಹೇಳಲು ನಾಲಿಗೆ ತಡೆಯುತ್ತದೆ ಅಕ್ಕಾ, ತಿಮಿಂಗಿಲ ಹಡಗಿನ ಹಾಯಿ ಬೆಳ್ಳಗಿರುವಂತಿಲ್ಲ. ಮಸಿ ಹಿಡಿದಿರಬೇಕು, ಜಿಡ್ಡಾಗಿರಬೇಕು. ದೂರದ ಹಡಗಿನವರು ಹಾಯಿಯ ಕೊಳೆ ನೋಡಿಯೇ ಇವರು ತಿಮಿಂಗಿಲದವರು ಎಂದು ಗುರುತು ಹಿಡಿಯುತ್ತಿದ್ದರಂತೆ. ನಮ್ಮ ಆಯ್ಕೆ ಸಮಿತಿಯ ಮೇಡಂ ಇಂಥದ್ದನ್ನೇ ಮೊದಲು ನೋಡುವುದು.

ಇಸ್ತ್ರಿಯ ಬಗ್ಗೆ ಏನೂ ಹೇಳದಿರುವುದೇ ವಾಸಿ.

ಆ ಚೌಕಟ್ಟು ಏನೆಂದು ನೀವು ಬರೆದುದರಿಂದ ತಿಳಿಯಲಿಲ್ಲ. ಒಂದು ಫೋಟೋ ಕಳಿಸಿ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಸಮುದ್ರ ಇಲ್ಲಿದೆ ಎಂದೂ ತಿಳಿಸಿ, ಕಿಟಕಿಯ ಆಚೆಗೇ.

ಗೋಂದಣ್ಣ

*

ಮಾರ್ಚ್ 1

ಗೋಂದಣ್ಣನವರೇ,

ಕಲೆ ತೆಗೆದು ತೆಗೆದು ಬೆರಳು ಸವೆದವಳಿಗೆ ಕಲೆ ಹಾಕು ಅನ್ನುತ್ತೀರಲ್ಲ! ಎರಡು ದಿನ ನಿಮ್ಮ ಮೇಲೆ ಕೋಪವಿತ್ತು. ಮೂರನೆಯ ದಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಚಹಾ ಡಿಕಾಕ್ಷನ್, ದೀಪದ ಮಸಿ, ಒಂದು ತೊಟ್ಟು ಯಂತ್ರದ ಎಣ್ಣೆ ಕಲಸಿಕೊಂಡು ಕೂತೆ. ನಮ್ಮ ಅಂಗಡಿ ಯಜಮಾನಿ ಬಾಗಿಲಲ್ಲಿ ನಿಂತು ನೋಡಿದರು.

"ಏನೇ ಮಾಡ್ತಿದ್ದೀಯ?"

"ಕಲೆ ಹಾಕ್ತಿದ್ದೀನಿ ಅಮ್ಮಾ."

"ಅಂಗಡಿ ಬೋರ್ಡ್ ಯಾವತ್ತಾದ್ರೂ ಓದಿದ್ದೀಯಾ?"

ಆಮೇಲೆ ಅವರೇ ಕುರ್ಚಿ ಎಳೆದುಕೊಂಡು ಕೂತು, "ಅಲ್ಲಿ ಮೂಲೆಗೆ ಇನ್ನೂ ಸ್ವಲ್ಪ ಹಾಕು, ಹೊಗೆ ಕೆಳಗಿನಿಂದ ತಾನೇ ಬರೋದು" ಎಂದು ಸಲಹೆ ಕೊಡತೊಡಗಿದರು. ಯಾವ ಕಲೆ ಹೇಗೆ ಹರಡುತ್ತದೆ ಎಂದು ಗೊತ್ತಿರುವುದರಿಂದ ಕೆಲಸ ಸಲೀಸಾಯಿತು. ಈಗ ಹಾಯಿಗಳನ್ನು ನೋಡಿದರೆ ನನಗೇ ಒಗೆಯಬೇಕು ಅನ್ನಿಸುತ್ತದೆ. ಅಷ್ಟು ಚೆನ್ನಾಗಿ ಕೆಟ್ಟಿವೆ.

ಕೊನೆಗೆ ಅವರ ಉಳಿಯ ಪೆಟ್ಟಿಗೆಯನ್ನೂ ತೆರೆದೆ. ಅತ್ತೆ ಎದುರಿಗೆ ಕೂತು, ಮಗ ಉಳಿ ಹಿಡಿಯುತ್ತಿದ್ದ ರೀತಿಯನ್ನು ಗಾಳಿಯಲ್ಲಿ ಮಾಡಿ ತೋರಿಸಿದರು. ಒಂದು ದೋಣಿ ಮುಗಿದಿದೆ. ಎರಡು ತುದಿಯೂ ಚೂಪು. ಅಂಗೈಯಲ್ಲಿಟ್ಟು ನೋಡುತ್ತೇನೆ, ಬಟಾಣಿಯ ಸಿಪ್ಪೆಯ ಹಾಗಿದೆ.

ಬಲಗಡೆಯ ದೋಣಿಗಳ ಬಗ್ಗೆ ನೀವು ಏನೂ ತಕರಾರು ಹೇಳಿಲ್ಲ. ಒಪ್ಪಿಗೆ ಎಂದುಕೊಂಡಿದ್ದೇನೆ.

*

ಮಾರ್ಚ್ 30

ಗೋಂದಣ್ಣನವರಿಗೆ,

ತಿಂಗಳ ಮೊದಲಲ್ಲಿ ಬರೆದ ಪತ್ರಕ್ಕೆ ನಿಮ್ಮಿಂದ ಉತ್ತರ ಬರಲಿಲ್ಲ. ನನ್ನ ಹರಟೆ ಅತಿಯಾಯಿತೇನೋ. ಪ್ರದರ್ಶನದ ತಯಾರಿಯಲ್ಲಿ ನೀವೂ ಗಡಿಬಿಡಿಯಲ್ಲಿರುತ್ತೀರಿ.

ಎರಡು ದೋಣಿಗಳೂ ಆದವು. ಅವನ್ನು ಬಲಗಡೆ ತೂಗುಹಾಕಲು ಪಕ್ಕದ ಹಲಗೆಗೆ ತೂತು ಕೊರೆಯಬೇಕು. ಅದಕ್ಕೆ ಮೊದಲು ನಿಮ್ಮ ಒಂದು ಮಾತು ಬೇಕು. ಹಡಗಿನ ಫೋಟೋ ಇಟ್ಟಿದ್ದೇನೆ. ದೋಣಿಗಳು ಮುಂದೆ ಮೇಜಿನ ಮೇಲಿವೆ. ಪಕ್ಕದಲ್ಲಿ ಕಾಣುವ ಬೆರಳು ಅತ್ತೆಯದು. ತೆಗೆಯಿರಿ ಎಂದರೂ ತೆಗೆಯಲಿಲ್ಲ.

*

ಏಪ್ರಿಲ್ 6

ಅಕ್ಕಾ,

ತೂತು ಕೊರೆಯಬೇಡಿ. ಮೊದಲು ಇದನ್ನು ಓದಿ.

ಮೊದಲ ಪತ್ರದಲ್ಲಿ ಶಾಯಿ ಚೆಲ್ಲಿರಲಿಲ್ಲ. ಒಂದು ಸಾಲು ಬರೆದು ನಾನೇ ಹೊಡೆದುಹಾಕಿದೆ. ಬಲಗಡೆ ಇನ್ನೆರಡು ದೋಣಿ ಇರಬಾರದು ಎಂದು ಬರೆದಿದ್ದೆ. ಆಮೇಲೆ ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದೆ. ಆ ದೋಣಿಗಳನ್ನು ಮಾಡುವ ಆಸೆ ಹಿಡಿದುಕೊಂಡೇ ನೀವು ದುಃಖದಿಂದ ಎದ್ದು ನಿಂತಿದ್ದೀರಿ ಅನ್ನಿಸಿತು. ಮುಂದಿನ ಪತ್ರದಲ್ಲಿ ಹೇಳೋಣ ಎಂದುಕೊಂಡೆ. ಮುಂದಿನದರಲ್ಲಿ ಸೋಪಿನ ಡಬ್ಬಿ, ಚಪ್ಪಲಿ ಬಂದವು. ಅದರ ಮುಂದಿನದರಲ್ಲಿ ಬಟಾಣಿ ಸಿಪ್ಪೆ. ಆಗಂತೂ ಲೇಖನಿಯನ್ನೇ ಕೆಳಗಿಟ್ಟೆ.

ವಿಷಯ ಇಷ್ಟು. ಹೊಡೆದ ತಿಮಿಂಗಿಲವನ್ನು ಹಡಗಿನ ಬಲಮಗ್ಗುಲಿಗೆ ತಂದು ಸರಪಳಿಯಲ್ಲಿ ಕಟ್ಟುತ್ತಿದ್ದರು. ಅಲ್ಲೇ ಒಂದು ಹಲಗೆ ಇಳಿಬಿಟ್ಟು, ಅದರ ಮೇಲೆ ನಿಂತು ಕೊಬ್ಬನ್ನು ಸುಲಿಯುತ್ತಿದ್ದರು. ಅಲ್ಲಿ ದೋಣಿ ತೂಗಿದರೆ ಅಡ್ಡಿ. ಆದ್ದರಿಂದ ಆ ಕಾಲದ ಎಷ್ಟೋ ಹಡಗುಗಳಲ್ಲಿ ಎಡಕ್ಕೆ ಮೂರು, ಬಲಕ್ಕೆ ಹಿಂದೆ ಒಂದೇ ದೋಣಿ. ಇಲ್ಲಿಯ ಗಾಜಿನೊಳಗಿನ ಹಡಗೂ ಹಾಗೇ ಇದೆ. ನಿಮ್ಮವರು ಇಡೀ ದಿನ ನಿಂತು ನೋಡಿದ್ದು ಅದನ್ನೇ ಇರಬೇಕು.

ಅವರು ಬಲಗಡೆಯನ್ನು ಅರ್ಧಕ್ಕೆ ಬಿಟ್ಟಿಲ್ಲ ಅಕ್ಕಾ. ಜೋಡಿ ಬಾಗಿಲಿನ ಅಭ್ಯಾಸವನ್ನು ಹಿಡಿದಿಟ್ಟುಕೊಂಡು, ಬೇಕೆಂದೇ ಬೋಳು ಇಟ್ಟಿದ್ದಾರೆ. ಅವರಿಗೆ ಅದು ಎಷ್ಟು ಕಷ್ಟವಾಗಿರಬೇಕು ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ನಿಮ್ಮ ದೋಣಿಗಳು ತುಂಬ ಚೆನ್ನಾಗಿವೆ. ಅದೇ ನನ್ನ ಸಂಕಟ.

ಗೋಂದಣ್ಣ

*

ಏಪ್ರಿಲ್ 27

ಅಕ್ಕಾ,

ಕೋಪವೇ? ಇರಲಿ, ಅದು ನ್ಯಾಯವೇ. ಒಂದು ಚೀಟಿಯಲ್ಲಿ ಬೈದು ಬರೆದರೂ ಸಾಕು. ಅತ್ತೆಯವರಿಂದ ಬರೆಸಿದರೆ ಇನ್ನೂ ಚೆನ್ನಾಗಿ ಬೈಯುತ್ತಾರೆ ಎಂದು ಕಾಣುತ್ತದೆ.

ಗೋಂದಣ್ಣ

*

ಮೇ 3

ಗೋಂದಣ್ಣ,

ಕೋಪವಿಲ್ಲ. ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಿದ್ದೆ. ದಿನಚರಿಯಲ್ಲಿ ಕೂಡ ಏನೂ ಬರೆದಿಲ್ಲ.

ನಿಮ್ಮ ಪತ್ರವನ್ನು ಅಂಗಡಿಯಿಂದ ಬರುವ ದಾರಿಯಲ್ಲಿ ಓದಿದೆ. ಮನೆಗೆ ಬಂದವಳೇ ಉಳಿಗಳ ಪೆಟ್ಟಿಗೆಯ ಮುಂದೆ ಕೂತೆ. ಗೋಂದಣ್ಣ, ನಾನು ಅವರ ಜೊತೆ ಅಷ್ಟು ವರ್ಷ ಬಾಳಿದವಳು. ಬಾಗಿಲು ಕೂರಿಸಿ, ಬಾಡಿಗೆ ಗಾಡಿಯವನನ್ನು ಕಳಿಸಿ, ಕೈ ತೊಳೆದ ಮೇಲೆ ಅವರು ಮೊದಲು ಮಾಡುತ್ತಿದ್ದ ಕೆಲಸ ಉಳಿಗೆ ಎಣ್ಣೆ ಸವರುವುದು. ಕೆಲಸ ನಡೆಯುತ್ತಿರುವಾಗ ಉಳಿಗಳು ಮನೆಯೆಲ್ಲ ಬಿದ್ದಿರುತ್ತಿದ್ದವು. ನನ್ನ ದಿಂಬಿನ ಕೆಳಗೂ ಒಮ್ಮೆ ಸಿಕ್ಕಿತ್ತು. ಎಣ್ಣೆ ಸವರಿ ಪೆಟ್ಟಿಗೆಗೆ ಹಾಕಿದರು ಅಂದರೆ ಮರದ ಕೆಲಸ ಮುಗಿಯಿತು ಅಂತಲೇ. ಇದು ನನಗೆ ಹೊಳೆಯಲೇ ಇಲ್ಲವಲ್ಲ. ಅಳುವವರ ಕಣ್ಣಿಗೆ ಎಲ್ಲವೂ ಅರ್ಧವಾಗಿ ಕಾಣುತ್ತದೋ ಏನೋ.

ಅತ್ತೆಗೆ ಹೇಳಿದೆ. ಅವರು ಹಡಗಿನ ಬಲಗಡೆ ಹೋಗಿ ನಿಂತು, ಬೋಳು ಜಾಗದ ಮೇಲೆ ಬೆರಳಾಡಿಸಿದರು.

"ಹಾಗಾದ್ರೆ ತಿಮಿಂಗಿಲ ಇಲ್ಲಿ."

"ಹೌದು ಅತ್ತೆ."

"ನಾನು ಮೊದಲೇ ಕೇಳಲಿಲ್ವಾ ತಿಮಿಂಗಿಲ ಎಲ್ಲಿ ಅಂತ? ಯಾರಾದ್ರೂ ನನ್ನ ಮಾತು ಕೇಳ್ತೀರಾ ಈ ಮನೇಲಿ?"

ಆಮೇಲೆ ಇಬ್ಬರೂ ಕೂತು ಅತ್ತೆವು. ಅದು ಬೇರೆ ಥರದ ಅಳು, ಮುಗಿದ ಮೇಲೆ ಹಸಿವಾಯಿತು.

ನನ್ನ ದೋಣಿಗಳು ಕಿಟಕಿಯ ಕಟ್ಟೆಯ ಮೇಲಿವೆ. ಕರೆಯದೆ ಬಂದ ನೆಂಟರ ಹಾಗೆ ಸಂಕೋಚದಿಂದ ಕೂತಿವೆ. ಒಂದರಲ್ಲಿ ಗುಂಡುಸೂಜಿ ಹಾಕಿಟ್ಟಿದ್ದೇನೆ. ಪರವಾಗಿಲ್ಲ. ಅವನ್ನು ಮಾಡುತ್ತಾ ಮಾಡುತ್ತಾ ಚಳಿಗಾಲ ಕಳೆಯಿತು.

ಇನ್ನು ಹಾಯಿ ಕಟ್ಟಿದರೆ ಹಡಗು ತಯಾರು.

*

ಮೇ 11

ಅಕ್ಕಾ! ಅಕ್ಕಾ!

ಗುಂಡುಸೂಜಿ ತೆಗೆಯಿರಿ!

ನಾನು ಮುಟ್ಠಾಳ. ನಿಮ್ಮ ಫೋಟೋ ಬಂದಾಗ ಬಲಮಗ್ಗುಲನ್ನು ಮಾತ್ರ ನೋಡಿದ್ದೆ, ನಿಮಗೆ ಹೇಗೆ ಹೇಳಲಿ ಎಂದು ಹೆದರಿಕೊಂಡು. ನಿನ್ನೆ ಭೂತಗನ್ನಡಿ ಹಿಡಿದು ಇಡೀ ಹಡಗನ್ನು ನೋಡಿದೆ. ನೀವು ದಾರದ ಉಂಡೆ ಇಡುವ ಚೌಕಟ್ಟು ಇದೆಯಲ್ಲ, ಅದು ಬಿಡಿ ದೋಣಿಗಳ ಜಾಗ! ಬೇಟೆಯಲ್ಲಿ ದೋಣಿಗಳು ಒಡೆಯುತ್ತಿದ್ದವು. ಒಡೆದರೆ ಇರಲಿ ಎಂದು ಹೆಚ್ಚಿನ ದೋಣಿಗಳನ್ನು ಅಲ್ಲಿ ಬೋರಲು ಹಾಕಿ ಕಟ್ಟಿಕೊಂಡು ಹೋಗುತ್ತಿದ್ದರು. ಎರಡು ದೋಣಿ ಅಲ್ಲಿ ನೆಟ್ಟಗೆ ಕೂರುತ್ತವೆ. ಅತ್ತೆಯವರ ಬೆರಳು ತೋರಿಸುತ್ತಿರುವುದೂ ಅಲ್ಲಿಗೇ.

ನಿಮ್ಮವರು ಅದನ್ನು ಖಾಲಿ ಬಿಡಬೇಕೆಂದಿದ್ದರೋ, ಹಾಯಿಯ ಹಾಗೆ ಅದನ್ನೂ ನಿಮಗೇ ಬಿಟ್ಟಿದ್ದರೋ, ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಹೇಳುವುದಿಲ್ಲ. ವರ್ಷಗಟ್ಟಲೆ ಅಲೆದು ಊರಿಗೆ ಮರಳುವ ಹಡಗಿನಲ್ಲಿ ಆ ಚೌಕಟ್ಟು ಖಾಲಿಯಿದ್ದರೂ ಸರಿಯೇ. ಆಗಷ್ಟೇ ಬಂದರು ಬಿಡುವ ಹಡಗಾದರೆ ತುಂಬಿರಬೇಕು. ಚರಿತ್ರೆ ಎರಡಕ್ಕೂ ಒಪ್ಪುತ್ತದೆ. ಯಾವ ಹಡಗು ಎನ್ನುವುದನ್ನು ನೀವೇ ಹೇಳಬೇಕು.

ಒಂದೇ ತೊಡಕು, ಅದನ್ನು ಹೇಗೆ ಬರೆಯಲಿ? ನಿಮ್ಮವರು ಆ ಇಟ್ಟಿಗೆ ಒಲೆಗೆ ಚೂರೂ ಮಸಿ ಬಳಿದಿಲ್ಲ. ಇಟ್ಟಿಗೆ ಹೊಸದಾಗಿ, ಕೆಂಪಗೆ ಇದೆ. ಒಲೆ ಇನ್ನೂ ಹೊತ್ತಿಸಿಲ್ಲ. ಅಂದರೆ ಹೊರಡುವ ಹಡಗು. ಅಂದರೆ ಹಾಯಿ

ಬೆಳ್ಳಗಿರಬೇಕು.

ನಿಮ್ಮ ಮೊದಲ ಹಾಯಿಯೇ ಸರಿ ಇತ್ತು ಅಕ್ಕಾ. ಈಗ ನನ್ನನ್ನು ಬೈಯಲು ನಿಮ್ಮಿಬ್ಬರ ಜೊತೆ ಅಂಗಡಿ ಯಜಮಾನಿಯನ್ನೂ ಸೇರಿಸಿಕೊಳ್ಳಿ.

ನಿಮ್ಮ ತಮ್ಮ,
ಗೋಂದಣ್ಣ

*

ಮೇ 20

ಗೋಂದಣ್ಣ,

ಬೈದಾಯಿತು. ಮೂವರೂ ಸೇರಿ, ಸಾವಕಾಶವಾಗಿ, ಚಹಾ ಕುಡಿಯುತ್ತಾ. ಯಜಮಾನಿ ಹೇಳಿದ್ದು: "ಆ ಗೋಂದಿನವರಿಗೆ ಬರೆ, ಕಲೆ ಹಾಕೋದು ಸುಲಭ, ಇಲ್ಲಿ ಬಂದು ತೆಗೆದು ನೋಡು ಅಂತ."

ನೀವು ಒಂದು ವಿಷಯ ಮುಚ್ಚಿಟ್ಟಿರಿ. ನಾನೂ ಒಂದನ್ನು ಹೇಳಿರಲಿಲ್ಲ. ಆ ಹಾಯಿಗಳು ಅವರ ಬಿಳಿ ಅಂಗಿ. ಮದುವೆ ಮುಂಜಿಗೆ ಮಾತ್ರ ಹಾಕುತ್ತಿದ್ದದ್ದು. ಮಸಿ ಬಳಿಯಿರಿ ಎಂದು ನೀವು ಬರೆದಾಗ ಅದನ್ನು ಹೇಳಿದ್ದರೆ ಬೇಡ ಅನ್ನುತ್ತಿದ್ದಿರಿ, ಚರಿತ್ರೆ ತಪ್ಪಾಗುತ್ತಿತ್ತು. ಅದಕ್ಕೇ ಹೇಳಲಿಲ್ಲ.

ಮೊನ್ನೆ ಆ ಅಂಗಿಯನ್ನು ಮತ್ತೆ ಒಗೆದೆ. ಅವರ ಕೆಲಸದ ಅಂಗಿಗಳಿಗೆ ಹತ್ತಿದ ಅರಗು, ಅಂಟು, ಬಣ್ಣ ತೆಗೆದೇ ನಾನು ಈ ಕಸುಬು ಕಲಿತದ್ದು. ಇನ್ನೆಂದೂ ಆ ಕೆಲಸವಿಲ್ಲ ಎಂದುಕೊಂಡಿದ್ದೆ. ಮಸಿ ಹೋಯಿತು, ಎಣ್ಣೆ ಹೋಯಿತು, ಚಹಾ ಸ್ವಲ್ಪ ಹಟ ಮಾಡಿ ಹೋಯಿತು. ಎಷ್ಟೋ ದಿನಗಳ ಮೇಲೆ ಕೆಲಸ ಮಾಡುತ್ತಾ ಹಾಡು ಗುನುಗಿದೆನಂತೆ. ಯಜಮಾನಿ ಹೇಳಿದರು.

ಇಸ್ತ್ರಿ ಹಾಕಿದ್ದೇನೆ. ಅದನ್ನು ಮಾತ್ರ ನಿಮ್ಮ ಚರಿತ್ರೆ ಸಹಿಸಿಕೊಳ್ಳಲಿ.

ಹೊರಡುವ ಹಡಗು, ಗೋಂದಣ್ಣ. ಎರಡು ದೋಣಿಗಳನ್ನೂ ಬೋರಲು ಹಾಕಿ ಕಟ್ಟಿದೆ. ಅಳತೆ ಮಾಡಿ ಕೊಟ್ಟ ಹಾಗೆ ಕೂತವು. ಜೂನ್‌ನಲ್ಲಿ ಪ್ರದರ್ಶನ ಶುರುವಾಗುವ ಶನಿವಾರ ಅತ್ತೆಯೂ ನಾನೂ ಬಸ್ಸಿನಲ್ಲಿ ಹಡಗು ತರುತ್ತೇವೆ. ಕಿಟಕಿ ಪಕ್ಕದ ಸೀಟು ಹಡಗಿಗೆ ಎಂದು ಅತ್ತೆ ಈಗಾಗಲೇ ತೀರ್ಮಾನಿಸಿದ್ದಾರೆ.

*

ಜೂನ್ 14

ತಮ್ಮಾ ಗೋಂದಣ್ಣ,

ಕ್ಷೇಮವಾಗಿ ಮನೆ ಸೇರಿದೆವು. ಮೇಡಂ ಅವರು ಹಡಗಿನ ಸುತ್ತ ಬಂದು, ಸರಿ ಎಂದು ತಲೆಯಾಡಿಸಿದಾಗ ನನ್ನ ಎದೆ ಬಡಿದುಕೊಂಡ ಸದ್ದು ನಿಮಗೂ ಕೇಳಿಸಿರಬೇಕು. ಹಡಗಿನ ಮುಂದಿಟ್ಟ ಚೀಟಿಯ ಮೇಲೆ ನೀವು ಬರೆದದ್ದನ್ನು ದಿನಚರಿಯಲ್ಲಿ ಇಳಿಸಿಕೊಂಡಿದ್ದೇನೆ: "ಮರದ ಕೆಲಸ, ಒಬ್ಬ ಬಡಗಿ. ಹಾಯಿ ಮತ್ತು ಬಿಡಿ ದೋಣಿಗಳು, ಅವರ ಹೆಂಡತಿ." ಇದಕ್ಕಿಂತ ಒಂದು ಪದವೂ ಹೆಚ್ಚು ಬೇಡ.

ನೀವು ಚಹಾ ತರಲು ಹೋದಾಗ ನಡೆದದ್ದನ್ನು ಹೇಳಲು ಮರೆತೆ. ಕನ್ನಡಕದ ಹೆಂಗಸೊಬ್ಬರು ಬಂದು ಹಡಗನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು, ಆಮೇಲೆ ಗಂಡನಿಗೆ ಹೇಳಿದರು: "ಪಾಪ, ಈ ಕಡೆ ಎರಡು ದೋಣಿ ಹಾಕೋದು ಮರೆತುಬಿಟ್ಟಿದ್ದಾರೆ ನೋಡಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಂದೆ ನುಗ್ಗಿದ್ದರು.

"ಮರೆತಿಲ್ಲಮ್ಮಾ. ಅದು ತಿಮಿಂಗಿಲದ ಜಾಗ. ನನ್ನ ಮಗ ಬೇಕಂತಲೇ ಬಿಟ್ಟಿದ್ದು."

ಆ ಹೆಂಗಸು ಹೌದಾ ಅಮ್ಮಾ ಎಂದು ಕೇಳಿದ್ದೇ ತಡ, ಅತ್ತೆ ಸರಪಳಿ, ಹಲಗೆ, ಕೊಬ್ಬು, ಒಲೆ ಎಲ್ಲವನ್ನೂ ವಿವರಿಸಿದರು. ಕೆಲವನ್ನು ತಾವೇ ಸೇರಿಸಿದರು. ನೀವು ಚಹಾ ಹಿಡಿದು ಬರುವ ಹೊತ್ತಿಗೆ ಅಲ್ಲಿ ಒಂದು ಗುಂಪೇ ಸೇರಿತ್ತು, ಏನಾಯಿತು ಎಂದು ನೀವು ಗಾಬರಿಯಾಗಿದ್ದು ಅದಕ್ಕೇ.

ಊಟದ ಮೇಜು ಈಗ ಖಾಲಿ. ಅತ್ತೆ ಅಭ್ಯಾಸಬಲದಿಂದ ಇನ್ನೂ ಅಡುಗೆಮನೆಯ ಕಟ್ಟೆಗೇ ತಟ್ಟೆ ಒಯ್ಯುತ್ತಾರೆ. ನಾನು ಕರೆದುಕೊಂಡು ಬಂದು ಕೂರಿಸುತ್ತೇನೆ. ಇಬ್ಬರೂ ಮೇಜಿನ ಒಂದೇ ಕಡೆ ಕೂರುತ್ತೇವೆ. ಇನ್ನೊಂದು ಕಡೆ ಏನೂ ಇಡುವುದಿಲ್ಲ.

ಒಂದು ಸಣ್ಣ ಬೇಡಿಕೆ. ಗಾಜಿನ ಬಲಮಗ್ಗುಲಲ್ಲಿ, ಕೆಳಗೆ, ಅತ್ತೆಯ ಮೂಗಿನ ಗುರುತು ಇರುತ್ತದೆ. ಮಗನ ಮೂಗೇ ಅದು. ಕಲೆ ತೆಗೆಯುವವಳಾಗಿ ಕೇಳುತ್ತಿದ್ದೇನೆ: ಅದನ್ನು ಸ್ವಲ್ಪ ದಿನ ಒರೆಸಬೇಡಿ.

ನಿಮ್ಮ ಅಕ್ಕ